ಪುಲ್‌ಸ್ಟಾರ್ಟ್ ನೈಟ್ರೋ ಟ್ರಕ್: ಎಂಜಿನ್ ಗಟ್ಟಿ, ಜತೆಗೆ ಕೊಡುವ ಇಗ್ನೈಟರ್ ಪುಕ್ಕಲು

ಬೆಂಗಳೂರಿನ ಹಾಬಿ ಅಂಗಡಿಯಲ್ಲಿ ‘ಮೊದಲ ನೈಟ್ರೋ ಗಾಡಿ’ ಎಂದು ಕೇಳಿದವರ ಮುಂದೆ ಸಾಮಾನ್ಯವಾಗಿ ಬಂದು ಕೂರುವುದು ನೈಟ್ರೋಮೀಥೇನ್ ಬೆರೆತ ಮೆಥನಾಲ್ ಕುಡಿದು ರಿಮೋಟಿನಲ್ಲಿ ಓಡುವ, ನಿಜವಾದದ್ದರ ಹತ್ತನೇ ಒಂದು ಅಳತೆಯ ಟ್ರಕ್. 18 ಸೈಜಿನ ಎಂಜಿನ್, ಅಂದರೆ 0.18 ಘನ ಇಂಚು, ನಮ್ಮ ಲೆಕ್ಕದಲ್ಲಿ 3 ಸಿಸಿಗೆ ಕೂದಲೆಳೆ ಕಡಿಮೆ. ಹಿಂದುಗಡೆ ದಾರ ಎಳೆದು ಚಾಲೂ ಮಾಡುವ ಪುಲ್‌ಸ್ಟಾರ್ಟರ್, 75 ಸಿಸಿ ಟ್ಯಾಂಕು, ಎರಡು ಸರ್ವೋ (ಸ್ಟಿಯರಿಂಗ್ ಮತ್ತು ಥ್ರಾಟಲ್ ಅಲುಗಿಸುವ ಪುಟ್ಟ ಮೋಟಾರುಗಳು), ಪಿಸ್ತೂಲಿನಂಥ ರಿಮೋಟು. ಜತೆಗೊಂದು ‘ಸ್ಟಾರ್ಟರ್ ಕಿಟ್’: ಗ್ಲೋ ಇಗ್ನೈಟರ್ (ಪ್ಲಗ್ ಕಾಯಿಸುವ, ಒಳಗೆ ಸೆಲ್ ಇರುವ ಕೊಳವೆ), ಅದರ ಚಾರ್ಜರ್, ಇಂಧನ ಹಿಂಡುವ ಬಾಟಲಿ, ನಾಲ್ಕು ಬಾಯಿಯ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್. ಡಬ್ಬಿಯ ಮೇಲಿನ ಹೆಸರು ಬೇರೆ ಬೇರೆ, ಬಾಡಿಯ ಬಣ್ಣ ಬೇರೆ ಬೇರೆ. ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ ಮನೆತನದ್ದು. ಆದ್ದರಿಂದ ಈ ವಿಮರ್ಶೆ ಯಾವುದೋ ಒಂದು ಬ್ರಾಂಡಿನದಲ್ಲ, ಆ ಇಡೀ ಮನೆತನದ್ದು.

ತೀರ್ಪು ಮೊದಲೇ ಹೇಳಿಬಿಡೋಣ. ಎಂಜಿನ್‌ಗೆ ಐದಕ್ಕೆ ನಾಲ್ಕು. ಸ್ಟಾರ್ಟರ್ ಕಿಟ್‌ಗೆ ಒಂದೂವರೆ. ಕೈಪಿಡಿಗೆ ಒಂದು, ಅದೂ ಚಿತ್ರಗಳಿಗೆ. ‘ಸ್ಟಾರ್ಟೇ ಆಗಲ್ಲ, ಡಬ್ಬಾ ಎಂಜಿನ್’ ಎಂಬ ಹಣೆಪಟ್ಟಿಯೊಂದಿಗೆ ಅರ್ಧ ಬೆಲೆಗೆ ಮಾರಾಟಕ್ಕೆ ಬರುವ ಇಂಥ ಗಾಡಿಗಳನ್ನು ಬಿಚ್ಚಿ ನೋಡಿದರೆ ಬಹಳಷ್ಟು ಸಲ ಎಂಜಿನ್‌ಗೆ ಏನೂ ಆಗಿರುವುದಿಲ್ಲ. ಪ್ಲಗ್ ಸರಿಯಾಗಿ ಕೆಂಪಗಾಗುತ್ತಿರುವುದಿಲ್ಲ, ಇಲ್ಲವೇ ನೀಡಲ್‌ಗಳು (ಕಾರ್ಬೊರೇಟರಿನಲ್ಲಿ ಇಂಧನದ ಅಳತೆ ಹಿಡಿಯುವ ಸ್ಕ್ರೂಗಳು) ಕಾರ್ಖಾನೆ ಬಿಟ್ಟಾಗ ಎಲ್ಲಿದ್ದವೋ ಅಲ್ಲೇ ಇರುತ್ತವೆ. ಆ ಸೆಟ್ಟಿಂಗು ಸಮುದ್ರಮಟ್ಟದ ಗಾಳಿಗೆ ಸರಿ. ಬೆಂಗಳೂರು ಕೂತಿರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಈ ಎರಡನೆಯ ಮಾತು ಕೈಪಿಡಿಯಲ್ಲಿ ಎಲ್ಲೂ ಇಲ್ಲ.

ಮೊದಲು ಇಗ್ನೈಟರ್ ವಿಷಯ, ಯಾಕೆಂದರೆ ಅರ್ಧ ಜಗಳ ಅಲ್ಲೇ. ನೈಟ್ರೋ ಎಂಜಿನ್‌ನಲ್ಲಿ ಬೈಕಿನಂತೆ ಕಿಡಿ ಹಾರುವುದಿಲ್ಲ. ಗ್ಲೋ ಪ್ಲಗ್ಗಿನ ಹೊಟ್ಟೆಯಲ್ಲಿ ಪ್ಲಾಟಿನಂ ಇರುವ ಪುಟ್ಟ ಸುರುಳಿ ತಂತಿಯಿದೆ. ಚಾಲೂ ಮಾಡುವಾಗ ಬ್ಯಾಟರಿಯಿಂದ ಅದನ್ನು ಕಾಯಿಸಬೇಕು. ಎಂಜಿನ್ ಓಡತೊಡಗಿದ ಮೇಲೆ ದಹನದ ಶಾಖ ಮತ್ತು ಪ್ಲಾಟಿನಂಗೆ ಮೆಥನಾಲ್ ತಾಗಿ ನಡೆಯುವ ರಾಸಾಯನಿಕ ಕ್ರಿಯೆ, ಎರಡೂ ಸೇರಿ ತಂತಿಯನ್ನು ಕೆಂಡದಂತೆ ಇಟ್ಟುಕೊಳ್ಳುತ್ತವೆ; ಬ್ಯಾಟರಿ ತೆಗೆದುಬಿಡಬಹುದು. ಅಮೆರಿಕದ ರೇ ಆರ್ಡನ್ 1947ರಲ್ಲಿ ಇಂಥ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ದಿನದಿಂದ ತತ್ವ ಹಾಗೇ ಇದೆ.

ಈ ತಂತಿಗೆ ಬೇಕಾದದ್ದು 1.2ರಿಂದ 1.5 ವೋಲ್ಟ್, ಆದರೆ ಕರೆಂಟು ಸುಮಾರು 3 ಆಂಪಿಯರ್. ಕಿಟ್‌ನ ಇಗ್ನೈಟರ್ ಸೋಲುವುದು ವೋಲ್ಟ್‌ನಲ್ಲಲ್ಲ, ಆಂಪಿಯರ್‌ನಲ್ಲಿ. ಒಳಗಿನ ಸೆಲ್ ಕಡಿಮೆ ಸಾಮರ್ಥ್ಯದ್ದು. ಚಾರ್ಜರ್ ತುಂಬಿದ ಮೇಲೆ ತಾನಾಗಿ ನಿಲ್ಲುವಂಥದ್ದಲ್ಲ, ರಾತ್ರಿಯಿಡೀ ಸಿಕ್ಕಿಸಿಟ್ಟರೆ ಸೆಲ್ ಬೆಂದು ಸಾಮರ್ಥ್ಯ ಇನ್ನೂ ಇಳಿಯುತ್ತದೆ. ಪ್ಲಗ್ಗನ್ನು ಹೊರಗೆ ಹಿಡಿದು ನೋಡಿದಾಗ ಮಂದವಾಗಿ ಕೆಂಪಗಾಗುತ್ತದೆ, ‘ಸರಿ ಇದೆಯಲ್ಲ’ ಅನ್ನಿಸುತ್ತದೆ. ಎಂಜಿನ್ ಒಳಗೆ ತಣ್ಣನೆಯ ಇಂಧನ ಬಿದ್ದೊಡನೆ ಆರಿಹೋಗುತ್ತದೆ. ಪರೀಕ್ಷೆ ಹೀಗೆ: ಪ್ಲಗ್ ಬಿಚ್ಚಿ, ಇಗ್ನೈಟರ್‌ಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗವನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ. ಎರಡು ಮೂರು ಸೆಕೆಂಡಿನೊಳಗೆ ಸುರುಳಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ಬರಬೇಕು. ತುದಿ ಮಾತ್ರ ಕೆಂಪು, ಬುಡ ಕಪ್ಪು ಎಂದರೆ ಆ ಇಗ್ನೈಟರ್ ಕೆಲಸಕ್ಕೆ ಬಾರದು.

ಮದ್ದು ದುಬಾರಿಯಲ್ಲ. ಎಸ್‌ಪಿ ರೋಡಿನಲ್ಲಿ ಒಂದೇ ಒಂದು ಸಬ್-ಸಿ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, 2000 ಎಂಎಎಚ್‌ಗಿಂತ ಮೇಲಿನದು, ಟ್ಯಾಗ್ (ಲೋಹದ ಪಟ್ಟಿ) ಬೆಸೆದದ್ದನ್ನು ಕೊಂಡು ಹಳೆಯ ಕೊಳವೆಯೊಳಗೇ ಹಾಕಿದರೆ ಆಯಿತು. ಸೆಲ್ ಮೇಲೆ ನೇರ ಬೆಸುಗೆ ಹಾಕಬೇಡಿ, ಟ್ಯಾಗ್‌ಗೆ ಹಾಕಿ. ಲ್ಯಾಪ್‌ಟಾಪ್ ಪ್ಯಾಕ್‌ನಿಂದ ಬಿಚ್ಚಿದ ಲಿಥಿಯಂ ಸೆಲ್ ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಅದು 3.7 ವೋಲ್ಟ್, ಪ್ಲಗ್ ಫಳ್ ಎಂದು ಹೊಳೆದು ಅಷ್ಟಕ್ಕೇ ತೀರಿಕೊಳ್ಳುತ್ತದೆ. ಮಾಮೂಲು ಪೆನ್‌ಸೆಲ್ 1.5 ವೋಲ್ಟ್ ಕೊಟ್ಟರೂ 3 ಆಂಪಿಯರ್ ಎಳೆದಾಗ ಮಂಡಿಯೂರುತ್ತದೆ.

ಕಿಟ್‌ನ ಸ್ಪ್ಯಾನರ್ ಬಗ್ಗೆ ಒಂದೇ ಮಾತು: ಪ್ಲಗ್ಗಿನ ತಲೆ 8 ಮಿ.ಮೀ., ತಂಪುಗೊಳಿಸುವ ರೆಕ್ಕೆಗಳ ನಡುವೆ ಆಳದಲ್ಲಿ ಕೂತಿರುತ್ತದೆ. ಅಲ್ಲಿಗೆ ಉದ್ದನೆಯ 8 ಮಿ.ಮೀ. ಬಾಕ್ಸ್ ಸ್ಪ್ಯಾನರ್ ಬೇಕು. ಪ್ಲಗ್ಗನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ, ತಾಮ್ರದ ವಾಷರ್ ಇದೆಯೆಂದು ನೋಡಿಕೊಂಡು, ಸ್ಪ್ಯಾನರಿನಲ್ಲಿ ಎಂಟನೇ ಒಂದು ಸುತ್ತು ಬಿಗಿದರೆ ಸಾಕು. ಹೆಡ್ ಅಲ್ಯೂಮಿನಿಯಂ, ಮರೆ (ಥ್ರೆಡ್) ಕಿತ್ತರೆ ಹೆಡ್ಡೇ ಹೊಸದು ಬೇಕು. ಜತೆಗೆ ಬರುವ ಪ್ಲಗ್ಗು ರನ್ನಿಂಗ್-ಇನ್‌ಗೆ, ಅಂದರೆ ಹೊಸ ಎಂಜಿನ್ ಪಳಗಿಸುವ ಮೊದಲ ಓಟಗಳಿಗೆ, ಸಾಕು. ಆಮೇಲೆ ಓ.ಎಸ್. ನಂಬರ್ 8ರಂಥ ಮಧ್ಯಮ ಶಾಖದ ಪ್ಲಗ್ ಹಾಕಿ, ಒಂದನ್ನು ಸದಾ ಜೇಬಿನಲ್ಲಿಟ್ಟುಕೊಳ್ಳಿ. ಕೊಳ್ಳುವಾಗ ‘ಟರ್ಬೋ’ ಪ್ಲಗ್ ತರಬೇಡಿ. ಅದರ ತುದಿ ಶಂಕುವಿನಂತಿರುತ್ತದೆ, ಈ ಹೆಡ್‌ಗೆ ಕೂರುವುದಿಲ್ಲ.

ಪುಲ್‌ಸ್ಟಾರ್ಟರ್ ಚೆನ್ನಾಗಿಯೇ ಇದೆ, ಬಳಸುವ ಕೈ ಸರಿಯಿದ್ದರೆ. ಯೆಜ್ಡಿ ಕಿಕ್ ಹೊಡೆದು ಬೆಳೆದವರಿಗೆ ಇಡೀ ಮೈಯಿಂದ ಎಳೆಯುವ ಅಭ್ಯಾಸ. ಇಲ್ಲಿ ಅದು ಬೇಡ. ದಾರ ಪೂರ್ತಿ ಹೊರಬಂದರೆ ಒಳಗಿನ ಸ್ಪ್ರಿಂಗ್ ಕಳಚುತ್ತದೆ. 20 ಸೆಂಟಿಮೀಟರ್‌ನಷ್ಟು ಗಿಡ್ಡದಾಗಿ, ಚುರುಕಾಗಿ, ನೇರವಾಗಿ ಎಳೆಯಬೇಕು, 30 ದಾಟಬಾರದು. ಓರೆಯಾಗಿ ಎಳೆದರೆ ದಾರ ಬಾಯಿಗೆ ಉಜ್ಜಿ ಕತ್ತರಿಸುತ್ತದೆ. ದಾರ ಬಂದರೂ ಎಂಜಿನ್ ತಿರುಗದಿದ್ದರೆ ಒಂದೇ ದಿಕ್ಕಿಗೆ ಹಿಡಿಯುವ ಒನ್-ವೇ ಬೇರಿಂಗ್‌ಗೆ ಎಣ್ಣೆ ಹತ್ತಿ ಜಾರುತ್ತಿದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಒಣಗಿಸಿ, ಶಾಫ್ಟನ್ನೂ ಒರೆಸಿ ಹಾಕಿದರೆ ಹಿಡಿಯುತ್ತದೆ.

ದಾರ ಕಲ್ಲಿಗೆ ಕಟ್ಟಿದಂತೆ ಬಿಗಿದು ನಿಂತರೆ ಅದಕ್ಕೆ ಎರಡು ಕಾರಣ, ಎರಡೂ ಬೇರೆ ಬೇರೆ. ಒಂದು, ಓವರ್‌ಫ್ಲೋ: ಪಿಸ್ಟನ್ ಮೇಲೆ ಇಂಧನ ತುಂಬಿದೆ, ದ್ರವವನ್ನು ಒತ್ತಲು ಆಗುವುದಿಲ್ಲ. ಇಲ್ಲಿ ಬಲ ಹಾಕಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಹೆಡ್ ಮೇಲೆ ಬಟ್ಟೆ ಮುಚ್ಚಿ, ಗಾಡಿಯನ್ನು ತಲೆಕೆಳಗು ಮಾಡಿ ಐದಾರು ಸಲ ಎಳೆದರೆ ಇಂಧನ ಹೊರಬೀಳುತ್ತದೆ. ಆ ಹೊತ್ತಿನಲ್ಲಿ ಇಗ್ನೈಟರ್ ದೂರ ಇರಲಿ. ಎರಡನೆಯದು, ಹೊಸ ಎಂಜಿನ್‌ನ ಸಹಜ ಬಿಗುವು. ಈ ಎಂಜಿನ್‌ಗಳಲ್ಲಿ ಕ್ರೋಮ್ ಲೇಪಿಸಿದ ಹಿತ್ತಾಳೆಯ ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ), ಅಲ್ಯೂಮಿನಿಯಂ ಪಿಸ್ಟನ್. ಸ್ಲೀವ್ ಮೇಲಕ್ಕೆ ಹೋದಂತೆ ಸಣ್ಣಗೆ ಕಿರಿದಾಗುತ್ತದೆ. ತಣ್ಣಗಿದ್ದಾಗ ಪಿಸ್ಟನ್ ತುತ್ತತುದಿಯಲ್ಲಿ ಕಚ್ಚಿಕೊಳ್ಳುತ್ತದೆ. ಬಿಸಿಯಾದಾಗ ಹಿತ್ತಾಳೆ ಹಿಗ್ಗಿ ಎರಡಕ್ಕೂ ಸರಿಹೊಂದುತ್ತದೆ. ಅಂದರೆ ಈ ಬಿಗುವು ದೋಷವಲ್ಲ, ಕಂಪ್ರೆಶನ್ನಿನ ಆಸ್ತಿ. ಪ್ಲಗ್ ಬಿಚ್ಚಿದ ಮೇಲೂ ತುದಿಯಲ್ಲಿ ಕಚ್ಚಿದರೆ ಇದು, ಪ್ಲಗ್ ಬಿಚ್ಚಿದೊಡನೆ ಸಲೀಸಾದರೆ ಓವರ್‌ಫ್ಲೋ. ಬಿಗುವಿಗೆ ಹೇರ್ ಡ್ರೈಯರ್ ಮದ್ದು: ಹೆಡ್ಡನ್ನು ಮುಟ್ಟಲಾಗದಷ್ಟು ಬಿಸಿ ಮಾಡಿ ಎಳೆದರೆ ದಾರ ಬೆಣ್ಣೆಯಂತೆ ಬರುತ್ತದೆ. ಜನವರಿಯ ಬೆಳಗ್ಗೆ ಊರು 15 ಡಿಗ್ರಿಯಲ್ಲಿರುವಾಗ ಇದನ್ನು ತಪ್ಪಿಸಲೇಬಾರದು. ತಣ್ಣನೆಯ ಬಿಗಿ ಎಂಜಿನ್ನನ್ನು ಹತ್ತಿಪ್ಪತ್ತು ಸಲ ಎಳೆಯುವುದು ಒಂದು ಟ್ಯಾಂಕ್ ಓಡಿಸಿದ್ದಕ್ಕಿಂತ ಹೆಚ್ಚು ಸವೆತ.

ಇನ್ನು ಚಾಲೂ ಮಾಡುವ ಕ್ರಮ. ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ಬಾಯಿ ನೋಡಿ. ಥ್ರಾಟಲ್ ಬಿಟ್ಟಾಗ 0.7ರಿಂದ 1 ಮಿ.ಮೀ. ಸೀಳು ಕಾಣಬೇಕು. ಕಾಣದಿದ್ದರೆ ಐಡಲ್ ಸ್ಕ್ರೂ ಒಳಕ್ಕೆ ತಿರುಗಿಸಿ. ಫಿಲ್ಟರ್ ಮತ್ತೆ ಹಾಕಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಚಕ್ರ ತೇಲುವಂತೆ ಇಡಿ. ರಿಮೋಟ್ ಮೊದಲು, ಗಾಡಿಯ ಸ್ವಿಚ್ ಆಮೇಲೆ. ಟ್ಯಾಂಕ್ ತುಂಬಿಸಿ. ಸೈಲೆನ್ಸರ್ ತುದಿಯನ್ನು ಬೆರಳಿನಿಂದ ಮುಚ್ಚಿ ಮೆಲ್ಲಗೆ ಎರಡು ಮೂರು ಸಲ ಎಳೆಯಿರಿ. ಒತ್ತಡ ಟ್ಯಾಂಕಿಗೆ ಹೋಗಿ ಪಾರದರ್ಶಕ ಪೈಪಿನಲ್ಲಿ ಇಂಧನ ಕಾರ್ಬೊರೇಟರ್ ಕಡೆಗೆ ಸರಿಯುವುದು ಕಣ್ಣಿಗೆ ಕಾಣುತ್ತದೆ. ಅಲ್ಲಿಗೆ ಮುಟ್ಟಿದ ಕ್ಷಣ ಬೆರಳು ತೆಗೆಯಿರಿ. ಇನ್ನೂ ಒಂದು ಸಲ ಇರಲಿ ಎಂಬ ಉದಾರತೆಯೇ ಓವರ್‌ಫ್ಲೋಗೆ ಕಾರಣ. ಈಗ ಇಗ್ನೈಟರ್ ಸಿಕ್ಕಿಸಿ ಚುರುಕಾಗಿ ಎಳೆಯಿರಿ. ಐದಾರು ಎಳೆತಕ್ಕೆ ಹತ್ತಿಕೊಳ್ಳಬೇಕು. ಹತ್ತಿದ ಮೇಲೆ ಹತ್ತು ಹದಿನೈದು ಸೆಕೆಂಡು ಬಿಟ್ಟು ಇಗ್ನೈಟರ್ ತೆಗೆಯಿರಿ. ತೆಗೆದೊಡನೆ ಆರಿದರೆ ಲೋ ಸ್ಪೀಡ್ ನೀಡಲ್ ತೀರಾ ರಿಚ್ (ಇಂಧನ ಜಾಸ್ತಿ), ಅಥವಾ ಪ್ಲಗ್ ಸತ್ತಿದೆ. ಮೊದಲು ಪ್ಲಗ್ ಬದಲಿಸಿ ನೋಡಿ. ನೀಡಲ್‌ಗೆ ಕೈ ಹಾಕುವುದು ಆಮೇಲೆ.

ಹತ್ತು ಎಳೆತಕ್ಕೂ ಹತ್ತದಿದ್ದರೆ ಎಳೆಯುವುದನ್ನು ನಿಲ್ಲಿಸಿ. ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದೆ, ಚೆನ್ನಾಗಿ ಉರಿಯುತ್ತದೆ ಎಂದರೆ ಇಂಧನ ಜಾಸ್ತಿ. ಒಣಗಿದೆ ಎಂದರೆ ಇಂಧನ ಬರುತ್ತಿಲ್ಲ: ಪೈಪ್ ಮಡಿಚಿದೆ, ಫಿಲ್ಟರ್ ಕಟ್ಟಿದೆ, ಅಥವಾ ಟ್ಯಾಂಕಿನ ಮುಚ್ಚಳ ಗಾಳಿ ಬಿಡುತ್ತಿದೆ. ಉರಿಯುವುದೇ ಇಲ್ಲ ಎಂದರೆ ಉತ್ತರ ಕೈಯಲ್ಲೇ ಇದೆ.

ರನ್ನಿಂಗ್-ಇನ್ ಬಗ್ಗೆ ಕೈಪಿಡಿ ಒಂದು ಸಾಲು ಬರೆದು ಕೈತೊಳೆದುಕೊಂಡಿದೆ. ಐದು ಟ್ಯಾಂಕ್ ಇದಕ್ಕೆ ಮೀಸಲಿಡಿ. ಮೊದಲ ಟ್ಯಾಂಕ್ ಸ್ಟ್ಯಾಂಡ್ ಮೇಲೆ ಐಡಲ್‌ನಲ್ಲಿ, ಹೈ ಸ್ಪೀಡ್ ನೀಡಲ್ ಕಾರ್ಖಾನೆ ಸೆಟ್ಟಿಂಗಿಗಿಂತ ಅರ್ಧ ಸುತ್ತು ಹೊರಗೆ. ದಟ್ಟ ಬಿಳಿ ಹೊಗೆ, ಸೈಲೆನ್ಸರ್ ತುದಿಯಿಂದ ಕಪ್ಪೆಣ್ಣೆ ತೊಟ್ಟಿಕ್ಕಬೇಕು. ಹೆಡ್ 80 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಉಳಿದರೆ ರೆಕ್ಕೆಗಳ ಸುತ್ತ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ತೀರಾ ತಣ್ಣಗೆ ಓಡಿಸಿದರೆ ಸ್ಲೀವ್ ಹಿಗ್ಗದೆ ಪಿಸ್ಟನ್ ಅದನ್ನು ಉಜ್ಜುತ್ತಲೇ ಇರುತ್ತದೆ, ರನ್ನಿಂಗ್-ಇನ್ ಹೆಸರಿನಲ್ಲಿ ಬಿಗುವೇ ಹೋಗುತ್ತದೆ. ಟ್ಯಾಂಕ್ ಮುಗಿದ ಮೇಲೆ ಪೂರ್ತಿ ತಣಿಯಲು ಬಿಡಿ. ಎರಡನೆಯದರಿಂದ ನೆಲದ ಮೇಲೆ, ಥ್ರಾಟಲ್ ಕಾಲು ಭಾಗ, ಮೂರನೆಯದರಲ್ಲಿ ಅರ್ಧ, ಹೀಗೆ. ಪ್ರತಿ ಟ್ಯಾಂಕಿಗೂ ನೀಡಲ್ ಸ್ವಲ್ಪ ಸ್ವಲ್ಪ ಒಳಕ್ಕೆ. 75 ಸಿಸಿ ಟ್ಯಾಂಕಿನ ಲೆಕ್ಕದಲ್ಲಿ ಒಂದು ಲೀಟರ್ ಡಬ್ಬಿಗೆ 13 ಟ್ಯಾಂಕ್. ಅದರಲ್ಲಿ ಐದು ಹೀಗೇ ಹೋಗುತ್ತದೆ ಎಂದು ಗೊಣಗುವವರಿದ್ದಾರೆ. ಪಿಸ್ಟನ್ ಸ್ಲೀವ್ ಸೆಟ್ಟಿನ ಬೆಲೆ ಕೇಳಿದ ಮೇಲೆ ಗೊಣಗುವುದಿಲ್ಲ.

ಈಗ ನೀಡಲ್‌ಗಳು. ಹೈ ಸ್ಪೀಡ್ ನೀಡಲ್ ಎಂದರೆ ಇಂಧನದ ಪೈಪ್ ಬಂದು ಸೇರುವ ಕಡೆ, ಹಿತ್ತಾಳೆಯ ಗೂಡಿನಲ್ಲಿ ನಿಂತಿರುವುದು. ಲೋ ಸ್ಪೀಡ್ ನೀಡಲ್ ಥ್ರಾಟಲ್ ತೋಳಿನ ತುದಿಯಲ್ಲಿ. ಮೂರನೆಯದು ಐಡಲ್ ಸ್ಕ್ರೂ, ಅದು ಇಂಧನವನ್ನು ಮುಟ್ಟುವುದಿಲ್ಲ, ಕಾರ್ಬೊರೇಟರ್ ಎಷ್ಟು ಮುಚ್ಚಬೇಕೆಂಬ ತಡೆ ಅಷ್ಟೆ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಲೀನ್, ಅಂದರೆ ಇಂಧನ ಕಡಿಮೆ. ಎದುರು ದಿಕ್ಕಿಗೆ ರಿಚ್. ಅಳತೆಗೆ ‘ಗಂಟೆ’ ಎಂಬ ಲೆಕ್ಕ ಅನುಕೂಲ: ಸ್ಕ್ರೂಡ್ರೈವರ್ 12ರಿಂದ 1ಕ್ಕೆ ಹೋದರೆ ಒಂದು ಗಂಟೆ, ಹನ್ನೆರಡನೇ ಒಂದು ಸುತ್ತು. ಒಂದು ಸಲಕ್ಕೆ ಒಂದು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ದಾರಿ ತಪ್ಪಿದರೆ ನೀಡಲ್ಲನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ಕೈಪಿಡಿ ಹೇಳಿದಷ್ಟು ಹೊರಕ್ಕೆ. ಈ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಅದು ಎರಡೂವರೆಯಿಂದ ಮೂರೂವರೆ ಸುತ್ತಿನೊಳಗೆ. ಮುಚ್ಚುವಾಗ ಬಿಗಿದರೆ ನೀಡಲ್ ತುದಿಗೆ ಗೆರೆ ಬಿದ್ದು ಮುಂದೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ.

920 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ನೂರಕ್ಕೆ ಸುಮಾರು 9ರಷ್ಟು ತೆಳು. ನೀಡಲ್ ಬಿಡುವ ಇಂಧನ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹಾಗಾಗಿ ಕಾರ್ಖಾನೆಯ ‘ಸರಿ’ ಇಲ್ಲಿ ರಿಚ್. ಗಾಡಿ ಮಂಕಾಗಿ ಗೊರಗುಟ್ಟುತ್ತದೆ, ಹೊಗೆ ಕಾರುತ್ತದೆ, ಐಡಲ್‌ನಲ್ಲಿ ಅರ್ಧ ನಿಮಿಷ ನಿಂತು ಆರುತ್ತದೆ, ಮಾಲೀಕರು ಐಡಲ್ ಸ್ಕ್ರೂ ಏರಿಸುತ್ತಾರೆ, ಕ್ಲಚ್ ಹಿಡಿದು ಗಾಡಿ ನಿಂತಲ್ಲೇ ತೆವಳುತ್ತದೆ, ಬ್ರೇಕ್ ಬಿಗಿಯುತ್ತಾರೆ. ಒಂದು ತಪ್ಪನ್ನು ಮುಚ್ಚಲು ಮೂರು. ರನ್ನಿಂಗ್-ಇನ್ ಮುಗಿದ ಎಂಜಿನ್‌ಗೆ ಇಲ್ಲಿ ಕೈಪಿಡಿಗಿಂತ ಒಂದೆರಡು ಗಂಟೆ ಒಳಗಿನ ಸೆಟ್ಟಿಂಗ್ ಬೇಕಾಗುವುದು ಸಹಜ. ಶಕ್ತಿಯೂ ಅಷ್ಟರಮಟ್ಟಿಗೆ ಕಡಿಮೆಯೇ. ಅದನ್ನು ನೀಡಲ್ ತಿರುಗಿಸಿ ಗೆಲ್ಲಲಾಗದು.

ಕ್ರಮ ಮುಖ್ಯ: ಮೊದಲು ಹೈ ಸ್ಪೀಡ್, ಆಮೇಲೆ ಲೋ ಸ್ಪೀಡ್, ಕೊನೆಗೆ ಐಡಲ್ ಸ್ಕ್ರೂ. ಇಂಧನ ಹೈ ಸ್ಪೀಡ್ ನೀಡಲ್ ದಾಟಿಯೇ ಕೆಳಗಿನದಕ್ಕೆ ಹೋಗುವುದರಿಂದ ತಲೆಕೆಳಗಾಗಿ ಹೊರಟರೆ ಕೆಲಸ ಮುಗಿಯುವುದೇ ಇಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಅಂದರೆ ಕನಿಷ್ಠ ಅರ್ಧ ಟ್ಯಾಂಕ್ ಓಡಿಸಿದ ಮೇಲೆ. ತಣ್ಣನೆಯ ಎಂಜಿನ್ ಟ್ಯೂನ್ ಮಾಡಿದರೆ ಬಿಸಿಯಾದಾಗ ಲೀನ್ ಆಗುತ್ತದೆ. ನೇರ ಜಾಗದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಎರಡು ಮೂರು ಓಟ, ಒಂದು ಗಂಟೆ ಒಳಕ್ಕೆ, ಮತ್ತೆ ಎರಡು ಮೂರು ಓಟ. ದನಿ ಗೊರಗೊರದಿಂದ ಸ್ಪಷ್ಟ ಕೀರಲಿಗೆ ಬರುತ್ತದೆ. ಬಂದ ಮೇಲೂ ಹಿಂದೆ ನೀಲಿ ಛಾಯೆಯ ತೆಳು ಹೊಗೆಯ ಗೆರೆ ಉಳಿದಿರಲೇಬೇಕು. ಆ ಹೊಗೆಯೇ ಎಣ್ಣೆ. ಈ ಎಂಜಿನ್‌ಗೆ ಬೇರೆ ಆಯಿಲ್ ಇಲ್ಲ, ಇಂಧನದಲ್ಲಿ ಬೆರೆತದ್ದೇ ಎಲ್ಲ. ಹೊಗೆ ಮಾಯವಾಯಿತು, ಗಾಡಿ ಹಿಂದೆಂದೂ ಇಲ್ಲದಂತೆ ಹಾರುತ್ತಿದೆ ಎಂದರೆ ಸಂಭ್ರಮ ಬೇಡ, ತಕ್ಷಣ ಎರಡು ಗಂಟೆ ಹೊರಕ್ಕೆ ತಿರುಗಿಸಿ. ಅದು ಸೀಜ್ ಆಗುವ ಮುಂಚಿನ ಓಟ.

ಪ್ಲಗ್ಗಿನ ಮೇಲೆ ನೇರ ಗುರಿಯಿಟ್ಟು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ 100ರಿಂದ 115 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. 125 ದಾಟಿದರೆ ನಿಲ್ಲಿಸಿ. ಕೊಳ್ಳುವಾಗ 200 ಡಿಗ್ರಿಗೆ ಮೇಲೂ ಅಳೆಯುವ ಕೈಗಾರಿಕೆಯದ್ದನ್ನು ತೆಗೆದುಕೊಳ್ಳಿ. ಕೊರೊನಾ ಕಾಲದಲ್ಲಿ ಮನೆಗೆ ಬಂದ ಹಣೆಯ ಥರ್ಮಾಮೀಟರ್ ಇಲ್ಲಿ ನಡೆಯುವುದಿಲ್ಲ. ಅದಿಲ್ಲದವರು ಹೆಡ್ ಮೇಲೆ ಒಂದು ಹನಿ ನೀರು ಬಿಡಬಹುದು. ಮೂರ್ನಾಲ್ಕು ಸೆಕೆಂಡು ಕುದ್ದು ಆರಿದರೆ ಸರಿ, ಕಾದ ದೋಸೆ ಹಂಚಿನ ಮೇಲೆ ಬಿದ್ದಂತೆ ಪುಟಿದು ಮಾಯವಾದರೆ ಬಿಸಿ ಹೆಚ್ಚು. ಆದರೆ ತಾಪಮಾನ ಸಾಕ್ಷಿ ಮಾತ್ರ, ನ್ಯಾಯಾಧೀಶನಲ್ಲ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯಲ್ಲಿ 118 ತೋರಿಸುವ ಎಂಜಿನ್ ಆರೋಗ್ಯವಾಗಿರಬಹುದು, ಜನವರಿಯಲ್ಲಿ 100 ತೋರಿಸುವುದು ಲೀನ್ ಇರಬಹುದು. ಮೊದಲು ಹೊಗೆ ನೋಡಿ, ಆಮೇಲೆ ಅಂಕಿ.

ಲೋ ಸ್ಪೀಡ್‌ಗೆ ಪೈಪ್ ಹಿಚುಕುವ ಪರೀಕ್ಷೆ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬೊರೇಟರ್ ಹತ್ತಿರ ಇಂಧನದ ಪೈಪನ್ನು ಒತ್ತಿ ಹಿಡಿಯಿರಿ. ಮೂರು ನಾಲ್ಕು ಸೆಕೆಂಡಿನಲ್ಲಿ ದನಿ ಸ್ವಲ್ಪ ಏರಿ ಆರಿದರೆ ಸರಿ. ಏರದೆ ತಟ್ಟನೆ ಆರಿದರೆ ಲೀನ್. ಐದಾರು ಸೆಕೆಂಡು ಓಡಿ, ದನಿ ಜೋರಾಗಿ ಏರಿ ಆಮೇಲೆ ಆರಿದರೆ ರಿಚ್. ಪಿಕಪ್‌ನಲ್ಲೂ ಇದು ಗೊತ್ತಾಗುತ್ತದೆ: ಥ್ರಾಟಲ್ ಕೊಟ್ಟೊಡನೆ ಹೊಗೆ ಕಾರಿ ತಡವರಿಸಿ ಹೊರಟರೆ ರಿಚ್, ಗಂಟಲು ಕಟ್ಟಿದಂತೆ ‘ಬ್ಹ’ ಎಂದು ನಿಂತೇಹೋದರೆ ಲೀನ್. ಲೋ ಸ್ಪೀಡ್ ಲೀನ್ ಮಾಡಿದಂತೆ ಐಡಲ್ ತಾನಾಗಿ ಏರುತ್ತದೆ, ಅದಕ್ಕೇ ಐಡಲ್ ಸ್ಕ್ರೂ ಕೊನೆಗೆ.

ಇಷ್ಟೆಲ್ಲ ಮಾಡಿದರೂ ಟ್ಯೂನ್ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ನಿಲ್ಲದಿದ್ದರೆ, ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಮೇಲೇ ಕೂಗುತ್ತಾ ನಿಧಾನಕ್ಕೆ ಇಳಿದರೆ, ನೀಡಲ್ ಬಿಡಿ, ಗಾಳಿ ಸೋರಿಕೆ ಹುಡುಕಿ. ಈ ಎಂಜಿನ್ನಿನ ನಾಲ್ಕು ಅಂಕ ಐದಾಗದೇ ಇರಲು ಇದೇ ಕಾರಣ. ಜೋಡಣೆಯಲ್ಲಿ ಕಾರ್ಬೊರೇಟರ್ ಬುಡ ಮತ್ತು ಹಿಂದಿನ ಪ್ಲೇಟ್ ಎರಡು ಕಡೆಯೂ ಸೀಲಿಂಗ್ ಅರೆಮನಸ್ಸಿನದು. ಜೆಸಿ ರೋಡಿನ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾದರೂ ಸಿಗುವ ಅನಾಬಾಂಡ್‌ನಂಥ, ಶಾಖ ತಡೆಯುವ ಆರ್‌ಟಿವಿ ಸಿಲಿಕೋನ್ ಒಂದು ಟ್ಯೂಬ್ ಸಾಕು. ಎರಡು ಮೇಲ್ಮೈಗಳನ್ನೂ ಎಣ್ಣೆಯಿಲ್ಲದಂತೆ ಒರೆಸಿ, ಕಾರ್ಬೊರೇಟರ್ ಕುತ್ತಿಗೆಯ ಸುತ್ತ ತೆಳ್ಳಗೆ ಬಳಿದು ಕೂರಿಸಿ, ಒಂದು ರಾತ್ರಿ ಬಿಡಿ. ದಪ್ಪಗೆ ಮೆತ್ತಿದರೆ ಒಳಗೆ ಚೂರು ಬಿದ್ದು ಸ್ಲೀವ್‌ನ ಕಿಂಡಿಗೆ ಸಿಕ್ಕುತ್ತದೆ. ಟ್ಯಾಂಕ್ ಪರೀಕ್ಷೆ ಸುಲಭ: ಒಂದು ಪೈಪ್ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ಪೈಪಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಡಿ. ಬಾಯಿ ಹಚ್ಚಿ ಊದಬೇಡಿ. ಮುಚ್ಚಳದಲ್ಲಿ ಗುಳ್ಳೆ ಬಂದರೆ ರಬ್ಬರ್ ರಿಂಗ್ ಹೊಸದು ಹಾಕಿ. ನೀರು ಪೂರ್ತಿ ಆರಿದ ಮೇಲಷ್ಟೇ ಗಾಡಿಗೆ.

ಏರ್ ಫಿಲ್ಟರ್‌ನ ಸ್ಪಂಜು ಡಬ್ಬಿಯಿಂದ ಒಣಗಿಯೇ ಬರುತ್ತದೆ. ಊರಿನ ಹೊರವಲಯದ ಹೊಸ ಲೇಔಟುಗಳ ಕೆಂಪು ಧೂಳಿನಲ್ಲಿ ಒಣ ಸ್ಪಂಜಿನ ಗಾಡಿ ಓಡಿಸುವುದು ಪಿಸ್ಟನ್‌ಗೆ ಉಪ್ಪುಕಾಗದ ತಿಕ್ಕಿದ ಹಾಗೆ. ಫಿಲ್ಟರ್ ಎಣ್ಣೆ ಹಾಕಿ ಚೀಲದಲ್ಲಿಟ್ಟು ಹಿಸುಕಿ, ಬಣ್ಣ ಎಲ್ಲೆಡೆ ಸಮನಾಗುವವರೆಗೆ, ತೊಟ್ಟಿಕ್ಕಬಾರದು. ಮೂರ್ನಾಲ್ಕು ಟ್ಯಾಂಕಿಗೊಮ್ಮೆ ತೊಳೆಯಿರಿ.

ರೇಡಿಯೋ ಸಾಧಾರಣ, ದೂರು ಇಲ್ಲ. ಆದರೆ ಫೇಲ್‌ಸೇಫ್ (ರಿಮೋಟಿನ ಸಿಗ್ನಲ್ ಕಡಿದರೆ ತಾನಾಗಿ ಬ್ರೇಕ್ ಹಾಕುವ ಏರ್ಪಾಡು) ಸೆಟ್ ಮಾಡದೆ ಎಂಜಿನ್ ಚಾಲೂ ಮಾಡಬೇಡಿ. ಪರೀಕ್ಷೆ: ಎಂಜಿನ್ ನಿಂತಿರುವಾಗ ಥ್ರಾಟಲ್ ಅರ್ಧ ಕೊಟ್ಟು ರಿಮೋಟ್ ಆರಿಸಿ; ಸರ್ವೋ ಬ್ರೇಕ್ ಕಡೆಗೆ ಬರಬೇಕು. ಗಾಡಿಯಲ್ಲಿನ ನಾಲ್ಕು ಪೆನ್‌ಸೆಲ್ ಸೋತರೆ ಫೇಲ್‌ಸೇಫ್‌ಗೂ ಬಲ ಇರುವುದಿಲ್ಲ. ಅದಕ್ಕೆ ಕಾರ್ಬೊರೇಟರ್ ತೋಳನ್ನು ಮುಚ್ಚುವ ಕಡೆಗೆ ಎಳೆಯುವ ಒಂದು ಸ್ಪ್ರಿಂಗ್ ಸಿಕ್ಕಿಸಿ, ಅದು ಡಬ್ಬಿಯಲ್ಲಿ ಇಲ್ಲ. ಎಂಜಿನ್ ನಿಲ್ಲಿಸಲು ಸೈಲೆನ್ಸರ್ ತುದಿಗೆ ದಪ್ಪ ಬಟ್ಟೆ ಒತ್ತಿ. ಬರಿಗೈ ಬೆರಳು ಬೇಡ. ಚಾಲೂ ಮಾಡುವಾಗ ತಣ್ಣಗಿದ್ದ ತುದಿ ಈಗ ತಣ್ಣಗಿಲ್ಲ.

ಇಂಧನ ಟ್ರಕ್ಕಿನ ಬೆಲೆಯಲ್ಲಿ ಸೇರಿಲ್ಲ. ಕಾರಿಗೆಂದೇ ಬರುವುದು, ನೈಟ್ರೋಮೀಥೇನ್ ನೂರಕ್ಕೆ 16ರಿಂದ 20, ಈ ಎಂಜಿನ್‌ಗೆ ಸರಿ. 30ರ ಡಬ್ಬಿ ಕೊಟ್ಟರೆ ಬೇಡ ಎನ್ನಿ. ಹೆಡ್ ಕೆಳಗೆ ಷಿಮ್ (ತೆಳು ಲೋಹದ ಬಳೆ) ಸೇರಿಸದೆ ಅದನ್ನು ಹಾಕಿದರೆ ಪ್ಲಗ್‌ಗಳು ಸಾಲಾಗಿ ಸಾಯುತ್ತವೆ. ಉರಿಯುವ ದ್ರವವಾದ್ದರಿಂದ ಸಾಮಾನ್ಯ ಕೊರಿಯರ್‌ನಲ್ಲಿ ತರಿಸುವ ಯೋಚನೆ ಬಿಟ್ಟು ಅಂಗಡಿಯಲ್ಲೇ ಸೀಲ್ ನೋಡಿ ಕೊಳ್ಳಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ; ಜೂನ್‌ನಿಂದ ಅಕ್ಟೋಬರ್‌ವರೆಗೆ ಅರ್ಧ ಖಾಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಒಂದು ತಿಂಗಳಲ್ಲಿ ಟ್ಯೂನ್ ನಿಲ್ಲದ ಇಂಧನ ಸಿದ್ಧ. ಬಿಸಿಲೂ ತಾಗಬಾರದು. 1981ರಲ್ಲಿ ಇದೇ ಊರಿನಲ್ಲಿ ಕಳ್ಳಭಟ್ಟಿಯಲ್ಲಿ ಬೆರೆತು ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಇದೇ ಮೆಥನಾಲ್ ಎಂಬುದು ನೆನಪಿರಲಿ. ನೀರಿನ ಬಾಟಲಿಯಲ್ಲಿ ಸುರಿದಿಡುವುದು, ಮಕ್ಕಳ ಕೈಗೆ ಸಿಗುವಂತೆ ಇಡುವುದು ಖಂಡಿತ ಕೂಡದು. ಚರ್ಮದ ಮೂಲಕವೂ ಒಳಸೇರುತ್ತದೆ, ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಹಗಲಲ್ಲಿ ಇದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ, ಮೆಥನಾಲ್ ನೀರಿನಲ್ಲಿ ಬೆರೆಯುವುದರಿಂದ ಸಣ್ಣ ಬೆಂಕಿ ಅದರಲ್ಲೇ ಆರುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಚಾಲೂ ಮಾಡುವವರಿಗೆ ಸೆಕ್ಯೂರಿಟಿಯವರು ಬೈಯುವುದು ಸದ್ದಿಗೆ. ಬೈಯಬೇಕಾದದ್ದು ಕಾರ್ಬನ್ ಮೊನಾಕ್ಸೈಡ್‌ಗೆ.

ಹೆಚ್ಚು ಹಣ ಹಾಕುವವರಿಗೆ ಬೇರೆ ದಾರಿಯಿದೆ. ಟ್ರಾಕ್ಸಸ್‌ನ 3.3 ಎಂಜಿನ್ ಗಾಡಿಗಳಲ್ಲಿ ದಾರವೇ ಇಲ್ಲ; ಕೈಯಲ್ಲಿ ಹಿಡಿಯುವ ಇಝೀ-ಸ್ಟಾರ್ಟ್ ಎಂಬ ವಿದ್ಯುತ್ ಸ್ಟಾರ್ಟರ್ ಎಂಜಿನ್ ತಿರುಗಿಸುವುದನ್ನೂ ಪ್ಲಗ್ ಕಾಯಿಸುವುದನ್ನೂ ಒಂದೇ ಗುಂಡಿಯಲ್ಲಿ ಮಾಡುತ್ತದೆ. ಇಗ್ನೈಟರ್ ತಲೆನೋವು ಅಲ್ಲಿಗೆ ಮುಗಿಯಿತು. 1936ರಿಂದ ಎಂಜಿನ್ ಮಾಡುತ್ತಿರುವ ಜಪಾನಿನ ಓ.ಎಸ್. ಕಂಪನಿಯ 18 ಸೈಜಿನದನ್ನು ಇದೇ ಟ್ರಕ್ಕಿಗೆ ಹಾಕುವವರೂ ಇದ್ದಾರೆ. ಕ್ರಾಂಕ್ ಶಾಫ್ಟಿನ ಬಗೆ ಮತ್ತು ಕ್ಲಚ್ ಹೊಂದುತ್ತದೆಯೇ ಎಂದು ನೋಡಿಕೊಂಡು ಕೊಳ್ಳಬೇಕು. ಮೊದಲ ಎಂಜಿನ್ ಹಾಳು ಮಾಡಿಕೊಂಡೇ ಕಲಿಯುವವರಿಗೆ ನಮ್ಮ ಆಯ್ಕೆ ಈ ಅಗ್ಗದ್ದೇ.

ದಿನದ ಓಟ ಮುಗಿದ ಮೇಲೆ ಟ್ಯಾಂಕಿನ ಇಂಧನವನ್ನು ಪೂರ್ತಿ ತೆಗೆದು, ಪೈಪಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ. ಪ್ಲಗ್ ಬಿಚ್ಚಿ ಸುರುಳಿ ನೋಡಿ: ಹೊಸದರಂತೆ ಫಳಫಳ ಹೊಳೆದು ಒದ್ದೆಯಿದ್ದರೆ ಇನ್ನೂ ರಿಚ್, ಬೂದು ಬಣ್ಣಕ್ಕೆ ತಿರುಗಿದ್ದರೆ ಸರಿ, ಸೊಟ್ಟಗಾಗಿದ್ದರೆ ಅಥವಾ ತುಂಡಾಗಿದ್ದರೆ ಲೀನ್. ಪ್ಲಗ್ ತೂತಿಗೂ ಕಾರ್ಬೊರೇಟರ್‌ಗೂ ನಾಲ್ಕೈದು ಹನಿ ಆಫ್ಟರ್-ರನ್ ಎಣ್ಣೆ (ಓಟದ ನಂತರ ಒಳಗೆ ತುಕ್ಕು ಹಿಡಿಯದಂತೆ ಹಾಕುವುದು) ಬಿಟ್ಟು ಎಂಜಿನ್ ಹಲವು ಸಲ ತಿರುಗಿಸಿ. ಕೊನೆಗೆ ಫ್ಲೈವೀಲ್ ಹಿಡಿದು ಪಿಸ್ಟನ್ನನ್ನು ಕೆಳತುದಿಗೆ ತಂದು ನಿಲ್ಲಿಸಿ. ಬಿಸಿ ಸ್ಲೀವ್ ತಣಿಯುವಾಗ ಪಿಸ್ಟನ್ ಮೇಲ್ತುದಿಯಲ್ಲಿದ್ದರೆ ಅಲ್ಲೇ ಕಚ್ಚಿಕೊಂಡು ಮುಂದಿನ ವಾರ ದಾರ ಅಲುಗುವುದಿಲ್ಲ. ಫ್ಲೈವೀಲ್‌ಗೆ ಒಂದು ಚುಕ್ಕಿ ಬಣ್ಣ ಹಚ್ಚಿಕೊಂಡರೆ ಪ್ರತಿಸಲ ಹುಡುಕಬೇಕಿಲ್ಲ.

ಇನ್ನೊಂದು ಚುಕ್ಕಿ ಹೈ ಸ್ಪೀಡ್ ನೀಡಲ್‌ಗೂ ಇರಲಿ, ಬೆಂಗಳೂರಿನ ಸೆಟ್ಟಿಂಗ್ ಎಲ್ಲಿದೆ ಎಂದು ತೋರಿಸಲು. ರಜೆಗೆ ಗಾಡಿಯನ್ನು ಮಂಗಳೂರಿನ ಕಡೆ ಒಯ್ಯುವವರು ಶಿರಾಡಿ ಘಾಟಿ ಇಳಿದ ಮೇಲೆ, ಎಂಜಿನ್ ಚಾಲೂ ಮಾಡುವ ಮೊದಲೇ, ಆ ಚುಕ್ಕಿಯಿಂದ ಎರಡು ಮೂರು ಗಂಟೆ ಹೊರಕ್ಕೆ ತಿರುಗಿಸಬೇಕು. ಅಲ್ಲಿನ ಗಾಳಿ ದಪ್ಪ, ಇಲ್ಲಿಯ ಸರಿ ಅಲ್ಲಿ ಲೀನ್.